ತಂತಿ ಮೊದಲು, ಮರ ಆಮೇಲೆ: ಬೇಸ್ ಯುಕುಲೆಲೆ ಮನೆಯಲ್ಲೇ ಕಟ್ಟುವ ಸಮಗ್ರ ಮಾರ್ಗದರ್ಶಿ

ಬೇಸ್ ಯುಕುಲೆಲೆ ಎಂದರೆ ಗಿಟಾರಿನಂಥ ಪುಟ್ಟ ವಾದ್ಯವಾದ ಯುಕುಲೆಲೆಯ ತಗ್ಗು ಸ್ವರದ ರೂಪ. ಮೊದಲ ಬೇಸ್ ಯುಕುಲೆಲೆ ಕಟ್ಟಿದಾಗ ನಾನು ಎಲ್ಲವನ್ನೂ ತಿರುವುಮುರುವಾಗಿ ಮಾಡಿದೆ. ಮರ ತಂದೆ, ಕೊಯ್ದೆ, ಉಜ್ಜಿದೆ, ಬಿರಡೆಗೆ ತೂತು ಕೊರೆದೆ, ಎಣ್ಣೆ ಹಚ್ಚಿ ಹೊಳಪು ತರಿಸಿದೆ. ಎಲ್ಲ ಮುಗಿದ ಮೇಲೆ ತಂತಿಯ ಪೊಟ್ಟಣ ಬಿಚ್ಚಿದರೆ ಒಳಗಿದ್ದದ್ದು ತಂತಿಯೇ ಅಲ್ಲ, ಕರಿ ರಬ್ಬರ್ ಹಗ್ಗ. ಅತಿ ದಪ್ಪನೆಯದು ಪೆನ್ಸಿಲಿನ ಅರ್ಧದಷ್ಟಿತ್ತು. ಬಿರಡೆಯ ತೂತಿಗೆ ತೂರಲಿಲ್ಲ, ನಟ್‌ನ ಗಾಡಿಯಲ್ಲಿ (ತಂತಿ ಕೂರುವ ಸೀಳಿನಲ್ಲಿ) ಕೂರಲಿಲ್ಲ, ಕುದುರೆಯ ರಂಧ್ರಕ್ಕಂತೂ ಹತ್ತಿರವೂ ಬರಲಿಲ್ಲ. ಅರ್ಧ ವಾದ್ಯ ಮತ್ತೆ ಕಟ್ಟಬೇಕಾಯಿತು.

ಅದಕ್ಕೇ ಈ ಮಾರ್ಗದರ್ಶಿ ತಂತಿಯಿಂದ ಶುರುವಾಗುತ್ತದೆ. ಈ ವಾದ್ಯದಲ್ಲಿ ನಟ್‌ನ ಅಗಲ, ಬಿರಡೆಯ ಕಂಬ, ಕುದುರೆಯ ತೂತು, ದಂಡಿಯ ದಪ್ಪ, ಕೊನೆಗೆ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಕೂಡ ತಂತಿ ಹೇಳಿದಂತೆ ಕೇಳುತ್ತವೆ. ತಂತಿ ಕೈಗೆ ಬಂದು, ಅದರ ದಪ್ಪ ಅಳೆದು ಬರೆದುಕೊಳ್ಳುವ ತನಕ ಗರಗಸ ಮುಟ್ಟಬೇಡಿ.

ಹೆಸರುಗಳ ಬಗ್ಗೆ ಒಂದು ಮಾತು. ವೀಣೆಯವರ ಬಾಯಲ್ಲಿರುವ ಬಿರಡೆ, ಕುದುರೆ, ಮೆಟ್ಟಿಲು, ದಂಡಿ ಈ ವಾದ್ಯಕ್ಕೂ ಚೆನ್ನಾಗಿ ಹೊಂದುತ್ತವೆ. ಟ್ಯೂನರ್, ಬ್ರಿಡ್ಜ್, ಫ್ರೆಟ್, ನೆಕ್ ಎಂದು ಕೇಳಿ ರೂಢಿಯಾದವರಿಗೂ ಅರ್ಥವಾಗುತ್ತದೆ. ನಟ್ (ದಂಡಿಯ ತಲೆಯ ಕಡೆ ತಂತಿ ಹಾಯುವ ಪಟ್ಟಿ) ಮತ್ತು ಸ್ಯಾಡಲ್ (ಕುದುರೆಯ ಮೇಲೆ ತಂತಿ ಒರಗುವ ಪಟ್ಟಿ) ಹೆಸರುಗಳನ್ನು ಹಾಗೆಯೇ ಬಿಟ್ಟಿದ್ದೇನೆ.

ಇಷ್ಟು ಚಿಕ್ಕ ವಾದ್ಯದಲ್ಲಿ ಅಷ್ಟು ತಗ್ಗಿನ ಸ್ವರ ಹೇಗೆ?

ಬೇಸ್ ಯುಕುಲೆಲೆಯ ಶ್ರುತಿ ನಾಲ್ಕು ತಂತಿಯ ಬೇಸ್ ಗಿಟಾರಿನದೇ. ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ. ಸೆಕೆಂಡಿಗೆ ಕ್ರಮವಾಗಿ 41.2, 55, 73.4 ಮತ್ತು 98 ಕಂಪನಗಳು. ಬೇಸ್ ಗಿಟಾರಿನಲ್ಲಿ ನಟ್‌ನಿಂದ ಸ್ಯಾಡಲ್‌ವರೆಗಿನ ತಂತಿಯ ಉದ್ದ ಸಾಮಾನ್ಯವಾಗಿ 34 ಇಂಚು, ಅಂದರೆ 864 ಮಿಲಿಮೀಟರ್. ಇಲ್ಲಿ ನಮಗಿರುವುದು ಸುಮಾರು 510ರಿಂದ 540. ಅಷ್ಟು ಗಿಡ್ಡ ತಂತಿ ಅಷ್ಟು ನಿಧಾನ ಕಂಪಿಸಬೇಕಾದರೆ ಎರಡೇ ದಾರಿ: ತಂತಿ ಭಾರವಾಗಿರಬೇಕು, ಇಲ್ಲವೇ ಸಡಿಲವಾಗಿರಬೇಕು. ಬೇಸ್ ಯುಕುಲೆಲೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುತ್ತದೆ.

ಈ ಉಪಾಯ ಯುಕುಲೆಲೆಯ ವಂಶದಿಂದ ಬಂದದ್ದಲ್ಲ. 1980ರ ದಶಕದಲ್ಲಿ ಆಶ್‌ಬೋರಿ ಎಂಬ ಪುಟ್ಟ ವಿದ್ಯುತ್ ಬೇಸ್ ಬಂದಿತ್ತು. ತಂತಿಯ ಉದ್ದ ಬರೀ 18 ಇಂಚು, ತಂತಿ ಸಿಲಿಕೋನ್ ರಬ್ಬರಿನದು. ಆಮೇಲೆ ಕಾಲಾ ಕಂಪನಿಯ ಯು-ಬೇಸ್ ಇದೇ ಯೋಚನೆಯನ್ನು ಬ್ಯಾರಿಟೋನ್ ಯುಕುಲೆಲೆಯ (ಯುಕುಲೆಲೆಗಳಲ್ಲಿ ದೊಡ್ಡದರ) ಗಾತ್ರದ ಪೆಟ್ಟಿಗೆಗೆ ತಂದು, ಪಾಲಿಯುರೆಥೇನ್ ತಂತಿ ಹಾಕಿ, ಹೆಸರುವಾಸಿಯಾಯಿತು. ಕೇಳಿದವರು ಮೊದಲು ನಂಬುವುದಿಲ್ಲ: ತೋಳಿನಡಿ ಹಿಡಿಯುವ ವಾದ್ಯದಿಂದ, ಕರುಳಿನ ತಂತಿ ಕಟ್ಟಿದ ಆಳೆತ್ತರದ ಡಬಲ್ ಬೇಸ್‌ನ ಗುಂಯ್‌ಗುಡುವ ದನಿ.

ಒಂದು ಭ್ರಮೆ ಮಾತ್ರ ಈಗಲೇ ಬಿಡಿ. ಪೆಟ್ಟಿಗೆ ಎಷ್ಟೇ ಚೆನ್ನಾಗಿ ಕಟ್ಟಿದರೂ ಆಂಪ್ಲಿಫೈಯರ್ ಇಲ್ಲದೆ ಈ ವಾದ್ಯ ನಾಲ್ಕು ಜನರ ನಡುವೆ ಕೇಳಿಸುವುದಿಲ್ಲ. 41 ಹರ್ಟ್ಸ್ ಸ್ವರದ ಅಲೆಯ ಉದ್ದ ಗಾಳಿಯಲ್ಲಿ ಎಂಟು ಮೀಟರಿಗಿಂತ ಹೆಚ್ಚು. ಅಂಗೈ ಆಳದ ಪೆಟ್ಟಿಗೆ ಅದನ್ನು ಹೊರಗೆ ತಳ್ಳಲಾರದು. ಕೋಣೆಯಲ್ಲಿ ಕೂತು ಅಭ್ಯಾಸ ಮಾಡುವಷ್ಟು ದನಿ ಬರುತ್ತದೆ, ಅಷ್ಟೇ. ಇದು ಕಟ್ಟುವವರಿಗೆ ವರವೂ ಹೌದು. ಮೇಲ್ಹಲಗೆಯನ್ನು ಕೂದಲೆಳೆಯ ಲೆಕ್ಕದಲ್ಲಿ ತೆಳು ಮಾಡುತ್ತ ತಲೆ ಕೆಡಿಸಿಕೊಳ್ಳಬೇಕಿಲ್ಲ.

ತಂತಿ ಆರಿಸುವುದು

ಪಾಲಿಯುರೆಥೇನ್ ತಂತಿ. ಮೆದು, ಜಗ್ಗುವ, ಒಂದೇ ವಸ್ತುವಿನ ಎಳೆ. ಕಾಲಾ ವಾದ್ಯಗಳ ಜೊತೆ ಬರುವ ಕಪ್ಪು ತಂತಿಗಳು ಈ ಜಾತಿಯವು. ಅಕ್ವಿಲಾ ಕಂಪನಿಯ ಥಂಡರ್‌ಗಟ್, ಥಂಡರ್‌ಬ್ಲ್ಯಾಕ್ ಕೂಡ ಇದೇ ಬಗೆಯ ಮೆದು ತಂತಿಗಳು. ದನಿ ದುಂಡಗೆ, ಮೊದಲ ಪೆಟ್ಟು ಗಟ್ಟಿ, ನಾದ ಬೇಗ ಅಡಗುತ್ತದೆ. ಬೆರಳಿಗೆ ನೋವಿಲ್ಲ. ಅವಗುಣಗಳೂ ಇವೆ: ಬೆರಳು ಜಾರುವುದಿಲ್ಲ, ಅಂಟಿದಂತಾಗುತ್ತದೆ, ಹೊಸದರಲ್ಲಿ ದಿನಗಟ್ಟಲೆ ಶ್ರುತಿ ಇಳಿಯುತ್ತಲೇ ಇರುತ್ತದೆ, ಬಿರಡೆ ತಿರುಗಿಸಿದಷ್ಟೂ ತಂತಿ ಉದ್ದವಾಗುತ್ತ, ತೆಳುವಾಗುತ್ತ ಹೋಗುತ್ತದೆ. ಥಂಡರ್‌ಗಟ್ ಬೆರಳನ್ನು ಹೆಚ್ಚು ಹಿಡಿಯುತ್ತದೆ, ಥಂಡರ್‌ಬ್ಲ್ಯಾಕ್ ಅದಕ್ಕಿಂತ ನಯ.

ಲೋಹ ಸುತ್ತಿದ ತಂತಿ. ನೈಲಾನಿನಂಥ ಕೃತಕ ಎಳೆಗಳ ತಿರುಳು, ಅದರ ಮೇಲೆ ತಾಮ್ರದ ಅಥವಾ ಬೆಳ್ಳಿ ಲೇಪದ ತಾಮ್ರದ ಸುತ್ತು. ತೂಕವೆಲ್ಲ ಲೋಹದಲ್ಲಿರುವುದರಿಂದ ತಂತಿ ತೆಳುವಾಗಿದ್ದರೂ ಸಾಕು. ನಾದ ಹೆಚ್ಚು ಹೊತ್ತು ನಿಲ್ಲುತ್ತದೆ, ಸ್ವರ ಸ್ಪಷ್ಟ, ಶ್ರುತಿಯೂ ಬೇಗ ನೆಲೆಗೊಳ್ಳುತ್ತದೆ. ಬದಲಿಗೆ ಬೆರಳು ಜಾರಿಸಿದಾಗ ಕರ್ರೆನ್ನುವ ಸದ್ದು ಮತ್ತು ದಂಡಿಯ ಮೇಲೆ ಹೆಚ್ಚಿನ ಎಳೆತ ಸಹಿಸಬೇಕು. ಇವನ್ನೇ ಹಾಕುವುದಾದರೆ ದಂಡಿಯೊಳಗೆ ಉದ್ದಕ್ಕೂ ಒಂದು ಕಾರ್ಬನ್ ಫೈಬರ್ ಪಟ್ಟಿ ಹುದುಗಿಸಿ. ಇದನ್ನು ಮೊದಲೇ ನಿರ್ಧರಿಸಬೇಕು. ಮೆಟ್ಟಿಲ ಹಲಗೆ ಅಂಟಿಸಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಬೇಸ್ ಗಿಟಾರಿನ ಉಕ್ಕಿನ ತಂತಿ ಹಾಕಬಾರದು. ಹಲವರು ಕೇಳುವ ಪ್ರಶ್ನೆ ಇದು, ಹಾಗಾಗಿ ಲೆಕ್ಕವನ್ನೇ ನೋಡೋಣ. ಪೂರ್ತಿ ಉದ್ದದ ಬೇಸ್‌ನಲ್ಲಿ ಸಾಮಾನ್ಯ ಇ-ತಂತಿಯ ಎಳೆತ ಸುಮಾರು 18 ಕಿಲೋ. ಅದೇ ತಂತಿ, ಅದೇ ಸ್ವರ, ಉದ್ದ ಮಾತ್ರ 530 ಮಿ.ಮೀ. ಆದರೆ ಎಳೆತ ಉದ್ದಗಳ ಅನುಪಾತದ ವರ್ಗದಷ್ಟು ಇಳಿದು 7 ಕಿಲೋದ ಆಸುಪಾಸಿಗೆ ಬರುತ್ತದೆ. ಅಷ್ಟು ಸಡಿಲದಲ್ಲಿ ಆ ದಪ್ಪ ಉಕ್ಕು ಮೆಟ್ಟಿಲಿಗೆ ಬಡಿದು ಗರಗರ ಅನ್ನುತ್ತದೆ. ಅದರ ಬಿರುಸಿನಿಂದ ಮೇಲಿನ ಸ್ವರಗಳೆಲ್ಲ ಅಪಸ್ವರ. ಅತ್ತ ಬೇಸ್‌ಗೆ ತೀರಾ ಸಡಿಲವಾದ ಈ 7 ಕಿಲೋ ಯುಕುಲೆಲೆಗೆ ತೀರಾ ಬಿಗಿ: ನಾಲ್ಕೂ ಸೇರಿ 27 ಕಿಲೋ ದಾಟುತ್ತದೆ. ಪಾಲಿಯುರೆಥೇನ್ ತಂತಿಯಾದರೆ ಒಂದೊಂದಕ್ಕೆ ಸುಮಾರು 2 ಕಿಲೋ, ಎಲ್ಲ ಸೇರಿ 8 ಕಿಲೋದ ಸುತ್ತಮುತ್ತ.

ಈ ಲೆಕ್ಕ ಹಾಕುವುದನ್ನು ಕಲಿತರೆ ಕಡಿಮೆ ಖರ್ಚಿನ ಪ್ರಯೋಗಗಳಿಗೂ ದಾರಿ ತೆರೆಯುತ್ತದೆ. ಸೂತ್ರ ಸರಳ: ತಂತಿಯ ಉದ್ದವನ್ನು (ಮೀಟರಿನಲ್ಲಿ) ಎರಡರಿಂದ ಗುಣಿಸಿ, ಅದನ್ನು ಕಂಪನಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು ವರ್ಗ ಮಾಡಿ, ಒಂದು ಮೀಟರ್ ತಂತಿಯ ತೂಕದಿಂದ (ಕಿಲೋಗ್ರಾಂನಲ್ಲಿ) ಗುಣಿಸಿ. ಉತ್ತರ ನ್ಯೂಟನ್‌ನಲ್ಲಿ ಬರುತ್ತದೆ; 9.8ರಿಂದ ಭಾಗಿಸಿದರೆ ಕಿಲೋ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ 3.3 ಮಿ.ಮೀ. ನೈಲಾನ್ ದಾರವನ್ನು ಉದಾಹರಣೆಗೆ ತೆಗೆದುಕೊಳ್ಳಿ. ಮೀಟರಿಗೆ ಸುಮಾರು 9.75 ಗ್ರಾಂ. 530 ಮಿ.ಮೀ. ಉದ್ದದಲ್ಲಿ ಇ-ಸ್ವರಕ್ಕೆ 2 × 0.53 × 41.2 ಅಂದರೆ 43.7; ವರ್ಗ 1907; ಅದನ್ನು 0.00975ರಿಂದ ಗುಣಿಸಿದರೆ 18.6 ನ್ಯೂಟನ್, ಅಂದರೆ 1.9 ಕಿಲೋ. ಹೀಗೆಯೇ ಎ-ಗೆ 2.7 ಮಿ.ಮೀ., ಡಿ-ಗೆ 2 ಮಿ.ಮೀ., ಜಿ-ಗೆ 1.6 ಮಿ.ಮೀ. ದಾರ ಹಾಕಿದರೆ ಎಲ್ಲವೂ ಸುಮಾರು 2ರಿಂದ 2.5 ಕಿಲೋ ಒಳಗೆ ಬೀಳುತ್ತವೆ. ಕಾಗದದ ಮೇಲೆ ನೋಡಿದರೆ ಸೊಗಸಾದ ಜೋಡಿ.

ಕಿವಿಗೆ ಅಷ್ಟು ಸೊಗಸಲ್ಲ. ಜಿ ಮತ್ತು ಡಿ ನಿಜಕ್ಕೂ ಚೆನ್ನಾಗಿವೆ, ಎ ಪರವಾಗಿಲ್ಲ, ಇ ಮಾತ್ರ ಮರದ ಹಲಗೆ ಬಡಿದಂತೆ. ಕಾರಣ, ಎಳೆತ ಸಮವಿದ್ದರೂ ಅಷ್ಟು ದಪ್ಪದ ನೈಲಾನ್ ಬಾಗಲು ಒಪ್ಪುವುದಿಲ್ಲ. ಸರಳಿನಂತೆ ವರ್ತಿಸಿ ಮೇಲಿನ ಸ್ವರಾಂಶಗಳನ್ನೆಲ್ಲ ಏರುಪೇರು ಮಾಡುತ್ತದೆ. ಪಾಲಿಯುರೆಥೇನ್ ಗೆಲ್ಲುವುದು ಇಲ್ಲಿಯೇ: ತೂಕ ನೈಲಾನಿನಷ್ಟೇ, ಬಾಗುವಿಕೆ ರಬ್ಬರಿನದು. ಆದರೂ ವಾದ್ಯ ಇನ್ನೂ ಬೋಳಾಗಿರುವಾಗ ಶ್ರುತಿ, ಎತ್ತರ, ಪಿಕಪ್ ಪರೀಕ್ಷಿಸಲು ಈ ದಾರಕ್ಕಿಂತ ಅಗ್ಗದ ತಂತಿ ಇಲ್ಲ. ದುಂಡು ದಾರವನ್ನೇ ತನ್ನಿ. ಚೌಕದ್ದೂ ನಕ್ಷತ್ರದಾಕಾರದ್ದೂ ಸಿಗುತ್ತವೆ, ಅವು ಬೇಡ.

ನನ್ನ ಸಲಹೆ ಕೇಳಿದರೆ, ಮೊದಲ ವಾದ್ಯಕ್ಕೆ ಪಾಲಿಯುರೆಥೇನ್. ಎಳೆತ ಕಡಿಮೆ ಇರುವುದರಿಂದ ಕಟ್ಟಡದ ಚಿಕ್ಕಪುಟ್ಟ ತಪ್ಪುಗಳನ್ನು ಕ್ಷಮಿಸುತ್ತದೆ. ಕೆಳಗಿನ ಅಳತೆಗಳೆಲ್ಲ ಅದಕ್ಕೇ.

ಕೊಯ್ಯುವ ಮುಂಚೆ ಕಾಗದ

ಒಂದು ಉದ್ದನೆಯ ಕಾಗದ ಹಾಸಿ ಪೂರ್ತಿ ಅಳತೆಯಲ್ಲಿ ನಕ್ಷೆ ಬರೆಯಿರಿ. ತಂತಿಯ ಉದ್ದ 530 ಮಿ.ಮೀ. ನಟ್ 46 ಮಿ.ಮೀ. ಅಗಲ, ಅಲ್ಲಿ ಹೊರಗಿನ ಎರಡು ತಂತಿಗಳ ನಡುವೆ, ಮಧ್ಯದಿಂದ ಮಧ್ಯಕ್ಕೆ, 34 ಮಿ.ಮೀ. ಸ್ಯಾಡಲ್‌ನಲ್ಲಿ ತಂತಿಯಿಂದ ತಂತಿಗೆ 16, ಹೊರಗಿನವುಗಳ ನಡುವೆ 48. ದಪ್ಪ ತಂತಿ ಅಗಲವಾಗಿ ಅಲುಗಾಡುವುದರಿಂದ ಸಾಮಾನ್ಯ ಯುಕುಲೆಲೆಯ ಅಂತರ ಸಾಲದು. ಪೆಟ್ಟಿಗೆ 330 ಉದ್ದ, 240 ಅಗಲ, 75 ಆಳ. ಸ್ಯಾಡಲ್ ಪೆಟ್ಟಿಗೆಯ ಬಾಲದಿಂದ 95 ಮಿ.ಮೀ. ಒಳಗೆ. ಆಗ ಪೆಟ್ಟಿಗೆಯ ಅಂಚು ನಟ್‌ನಿಂದ 295 ಮಿ.ಮೀ.ಗೆ, ಸರಿಯಾಗಿ ಹದಿನಾಲ್ಕನೇ ಮೆಟ್ಟಿಲಿಗೆ ಬೀಳುತ್ತದೆ.

ಸೊಂಟದಾಕಾರದ ಯುಕುಲೆಲೆಯೇ ಬೇಕೆಂದರೆ ಪಕ್ಕದ ಹಲಗೆಗಳನ್ನು ಬಿಸಿ ಕೊಳವೆಯ ಮೇಲೆ ಬಗ್ಗಿಸಬೇಕು. ಅದು ಬೇರೆಯೇ ವಿದ್ಯೆ. ನಾನಿಲ್ಲಿ ಹೇಳುವುದು ಆಯತಾಕಾರದ ಪೆಟ್ಟಿಗೆ, ಅದರೊಳಗೆ ಉದ್ದಕ್ಕೂ ಹಾಯುವ ಒಂದೇ ದಂಡಿ. ಎಳೆತವೆಲ್ಲ ದಂಡಿಯ ಮೇಲೆ, ಪೆಟ್ಟಿಗೆಗೆ ನಿರಾಳ. ಹಳೆಯ ಬ್ಯಾರಿಟೋನ್ ಯುಕುಲೆಲೆ ಕೈಯಲ್ಲಿದ್ದರೆ ಅದನ್ನೇ ಬದಲಾಯಿಸಬಹುದು. ತಂತಿಯ ಉದ್ದ ಅದರಲ್ಲಿ ಸುಮಾರು 480ರಿಂದ 510 ಇರುತ್ತದೆ, 8 ಕಿಲೋ ಎಳೆತಕ್ಕೆ ಅದರ ಮೇಲ್ಹಲಗೆ ಜಗ್ಗುವುದಿಲ್ಲ. ಬಿರಡೆ, ನಟ್, ಕುದುರೆ ಮೂರನ್ನೂ ಬದಲಿಸಬೇಕು, ಅಷ್ಟೇ.

ದಂಡಿ

ಗಟ್ಟಿಯಾದ, ಒಣಗಿದ, ನೇರ ಎಳೆಯ ಮರ: ಮಹಾಗನಿ, ಮೇಪಲ್, ತೇಗ, ಯಾವುದಾದರೂ ಸರಿ. ಗಂಟಿರಬಾರದು. 800 ಉದ್ದ, 65 ಅಗಲ, 22 ದಪ್ಪ. ಕಣ್ಣಿಗೆ ಹಿಡಿದು ಉದ್ದಕ್ಕೂ ನೋಡಿ; ಈಗಲೇ ತಿರುಚಿದ್ದರೆ ಆ ತುಂಡು ಬೇರೆ ಕೆಲಸಕ್ಕೆ.

ನಟ್‌ನ ಜಾಗ ಗುರುತಿಸಿ, ಅದರ ಆಚೆ 150 ಮಿ.ಮೀ. ತಲೆಗೆ ಬಿಡಿ. ನಟ್‌ನಲ್ಲಿ 46, ಹನ್ನೆರಡನೇ ಮೆಟ್ಟಿಲಲ್ಲಿ 53, ಪೆಟ್ಟಿಗೆಯ ಅಂಚಿನಲ್ಲಿ 54 ಆಗುವಂತೆ ಎರಡೂ ಮಗ್ಗುಲು ಓರೆ ಕೊಯ್ಯಿರಿ. ಪೆಟ್ಟಿಗೆಯೊಳಗಿನ ಭಾಗ 65ರ ಅಗಲದಲ್ಲೇ ಇರಲಿ, ಏಕೆಂದರೆ ತಂತಿಯ ತೂತುಗಳು ಅಲ್ಲಿ ಬರುತ್ತವೆ. ಪೆಟ್ಟಿಗೆಯ ಅಂಚಿನಿಂದ ಒಳಕ್ಕೆ ದಂಡಿಯ ಮೇಲ್ಮೈಯನ್ನು 3 ಮಿ.ಮೀ. ತಗ್ಗಿಸಿ; ಮೇಲ್ಹಲಗೆ ಅದರ ಮೇಲೆ ಕೂರುತ್ತದೆ. ಅಂಚಿನಿಂದ 20 ಮಿ.ಮೀ. ದಾಟಿದ ಮೇಲೆ, ಬಾಲದ ತನಕ, ಇನ್ನೂ 3 ಮಿ.ಮೀ. ತಗ್ಗಿಸಿ. ಈ ಎರಡನೇ ತಗ್ಗು ಮೇಲ್ಹಲಗೆ ದಂಡಿಗೆ ತಾಗದೆ ಕಂಪಿಸಲಿ ಎಂದು. ಮರೆತರೆ ದನಿ ಸತ್ತುಹೋಗುತ್ತದೆ.

ತಲೆಯ ಮುಖವನ್ನು ಕೀಸಿ ದಪ್ಪವನ್ನು 14ಕ್ಕೆ ಇಳಿಸಿ. ಮೆಟ್ಟಿಲ ಹಲಗೆ 6 ಮಿ.ಮೀ. ಎತ್ತರ ಕೊಡುವುದರಿಂದ ತಂತಿ ನಟ್ ದಾಟಿ ಕೆಳಗಿಳಿಯಲು ಇಷ್ಟು ಇಳುಕಲು ಸಾಕು. ಕಡಿದಾದ ಓರೆ ಬೇಡ. ರಬ್ಬರ್ ತಂತಿ ನಟ್‌ನಲ್ಲಿ ಮೊದಲೇ ಕಚ್ಚಿಕೊಳ್ಳುತ್ತದೆ, ಇಳುಕಲು ಹೆಚ್ಚಿದಷ್ಟೂ ಕಚ್ಚುವುದೂ ಹೆಚ್ಚು.

ಬಿರಡೆ ಆರಿಸುವಾಗ ತಂತಿಯನ್ನೇ ಜೊತೆಗಿಟ್ಟುಕೊಳ್ಳಿ. ಕಂಬದ ತಲೆಯಲ್ಲಿ ಸೀಳು ಇರುವ, ಬೇಸ್ ಗಿಟಾರಿನ ಚಿಕ್ಕ ಗಾತ್ರದ ಬಿರಡೆ ಒಳ್ಳೆಯದು. ದೊಡ್ಡವು ತೂಕ, ಚಿಕ್ಕ ಪೆಟ್ಟಿಗೆಗೆ ಅವನ್ನು ಹಾಕಿದರೆ ಕೈ ಬಿಟ್ಟ ತಕ್ಷಣ ತಲೆ ನೆಲ ನೋಡುತ್ತದೆ. ತೂತು ಕೊರೆಯುವ ಮುಂಚೆ ನಾಲ್ಕು ಬಿರಡೆಗಳನ್ನೂ ತಲೆಯ ಮೇಲಿಟ್ಟು ನೋಡಿ: ಒಂದರ ತಂತಿ ಇನ್ನೊಂದರ ಕಂಬಕ್ಕೆ ತಾಗಬಾರದು. ತಂತಿ ದಪ್ಪವಿರುವುದರಿಂದ ಇಲ್ಲಿ ಮೋಸ ಹೋಗುವುದು ಸುಲಭ.

ದಂಡಿಯ ಬೆನ್ನನ್ನು ಉಳಿ, ಅರ, ಮರಳು ಕಾಗದ ಹಿಡಿದು ದುಂಡಗೆ ಮಾಡಿ. ಇಲ್ಲಿ ಅಳತೆ ಹೇಳುವುದಿಲ್ಲ. ಆಗಾಗ ಕೈಯಲ್ಲಿ ಹಿಡಿದು ನೋಡುತ್ತ ಹೋಗಿ.

ಪೆಟ್ಟಿಗೆ

ಪಕ್ಕಗಳಿಗೆ 10 ಮಿ.ಮೀ. ಹಲಗೆ, ಮೇಲಕ್ಕೆ 3 ಮಿ.ಮೀ. ಪ್ಲೈವುಡ್, ಬೆನ್ನಿಗೂ ಅದೇ. ಮೂಲೆಗಳ ಒಳಗೆ ಚಿಕ್ಕ ಮರದ ತುಂಡು ಅಂಟಿಸಿ. ದಂಡಿ ಹಾಯುವ ಪಕ್ಕದಲ್ಲಿ 54 ಅಗಲ, 19 ಆಳದ ಕಚ್ಚು ಕೊಯ್ದು ದಂಡಿ ಕೂರಿಸಿ. ಬಾಲದ ಕಡೆ ಅಂಟು ಹಾಕಿ ಎರಡು ಸ್ಕ್ರೂ ಬಿಗಿಯಿರಿ. ದಂಡಿ ಪೆಟ್ಟಿಗೆಯ ನಡುಗೆರೆಯಲ್ಲಿದೆಯೇ ಎಂದು ದಾರ ಎಳೆದು ನೋಡಿ. ಓರೆಯಾದರೆ ಹೊರಗಿನ ತಂತಿ ದಂಡಿಯ ಅಂಚಿನತ್ತ ಸರಿಯುತ್ತದೆ.

ನಾದದ ತೂತು ಮೇಲ್ಹಲಗೆಯ ನಡುವೆ ಬೇಡ, ಅಲ್ಲಿ ದಂಡಿ ಇದೆ. ನುಡಿಸುವವರ ಮುಖದ ಕಡೆಗಿನ ಪಕ್ಕದಲ್ಲಿ ಒಂದು 45 ಮಿ.ಮೀ. ತೂತು ಕೊರೆಯಿರಿ, ನಿಮಗಾದರೂ ಚೆನ್ನಾಗಿ ಕೇಳಿಸುತ್ತದೆ. ಬೆನ್ನಿನಲ್ಲಿ, ಕುದುರೆಯ ನೇರಕ್ಕೆ, 100 × 70 ಮಿ.ಮೀ. ಕಿಂಡಿ ಕೊಯ್ದು ಸ್ಕ್ರೂ ಮುಚ್ಚಳ ಮಾಡಿ. ತಂತಿ ಪೋಣಿಸಲೂ ಪಿಕಪ್‌ನ ತಂತಿ ಸರಿಪಡಿಸಲೂ ಇದೇ ಬಾಗಿಲು. ಬೆನ್ನನ್ನು ಅಂಟಿಸಿದ ಮೇಲೆ ಕಿಂಡಿ ಕೊಯ್ಯುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ನೀವು ಮೊದಲೇ ಕೊಯ್ಯಿರಿ.

ಮೆಟ್ಟಿಲು ಬೇಕೇ ಬೇಡವೇ

ರಬ್ಬರ್ ತಂತಿಗೆ ಮೆಟ್ಟಿಲಿಲ್ಲದ ಹಲಗೆ ಸೊಗಸಾಗಿ ಹೊಂದುತ್ತದೆ. ಗಮಕ ಸಲೀಸು, ಡಬಲ್ ಬೇಸ್‌ನ ಛಾಯೆ ಇನ್ನೂ ಗಾಢ, ಮೆಟ್ಟಿಲು ಬಡಿದು ಸಮ ಮಾಡುವ ಕೆಲಸವೂ ಉಳಿಯುತ್ತದೆ. ಆದರೆ ಕಿವಿ ಗಟ್ಟಿಯಿರಬೇಕು: ಇಷ್ಟು ಗಿಡ್ಡ ಹಲಗೆಯಲ್ಲಿ ಬೆರಳು ಮೂರು ಮಿಲಿಮೀಟರ್ ತಪ್ಪಿದರೂ ಅಪಸ್ವರ ಎಲ್ಲರಿಗೂ ಗೊತ್ತಾಗುತ್ತದೆ. ನಡುವಿನ ದಾರಿ ಎಂದರೆ ಮೆಟ್ಟಿಲ ಜಾಗದಲ್ಲಿ ಗರಗಸದ ಗೀರು ಹಾಕಿ, ಅದರಲ್ಲಿ ತೆಳು ಬಿಳಿ ಮರದ ಪಟ್ಟಿ ಅಂಟಿಸಿ ಸಮ ಮಾಡುವುದು. ಕಣ್ಣಿಗೆ ಗೆರೆ, ಬೆರಳಿಗೆ ನಯ.

ಗೆರೆಯಾಗಲಿ ಲೋಹವಾಗಲಿ, ಜಾಗ ಒಂದೇ. 530 ಮಿ.ಮೀ. ಉದ್ದಕ್ಕೆ ನಟ್‌ನಿಂದ ಕ್ರಮವಾಗಿ: ಒಂದನೆಯದು 29.7, ಎರಡು 57.8, ಮೂರು 84.3, ನಾಲ್ಕು 109.3, ಐದು 132.9, ಆರು 155.2, ಏಳು 176.3, ಎಂಟು 196.1, ಒಂಬತ್ತು 214.9, ಹತ್ತು 232.5, ಹನ್ನೊಂದು 249.2, ಹನ್ನೆರಡು 265, ಹದಿಮೂರು 279.9, ಹದಿನಾಲ್ಕು 293.9, ಹದಿನೈದು 307.2, ಹದಿನಾರು 319.7. ಬೇರೆ ಉದ್ದ ಆರಿಸಿದ್ದರೆ ಉಳಿದ ಉದ್ದವನ್ನು ಪ್ರತಿ ಸಲ 17.817ರಿಂದ ಭಾಗಿಸುತ್ತ ಹೋಗಿ. ಬಂದದ್ದು ಮುಂದಿನ ಮೆಟ್ಟಿಲಿಗೆ ಇರುವ ದೂರ. ಹಲಗೆಯ ಮೇಲೆ ಗುರುತು ಹಾಕುವಾಗ ಮಾತ್ರ ಎಲ್ಲವನ್ನೂ ನಟ್‌ನಿಂದಲೇ ಅಳೆಯಿರಿ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಅಳೆದರೆ ಹದಿನಾರು ಚಿಕ್ಕ ತಪ್ಪುಗಳು ಸೇರಿ ಒಂದು ದೊಡ್ಡ ತಪ್ಪಾಗುತ್ತವೆ.

ಹಲಗೆಗೆ ಬೀಟೆಯಂಥ ಗಟ್ಟಿ ಮರ, 6 ಮಿ.ಮೀ. ದಪ್ಪ. ದಂಡಿಗೆ ಅಂಟಿಸುವ ಮುಂಚೆಯೇ ಗೀರುಗಳನ್ನು ಕೊಯ್ದುಕೊಳ್ಳಿ. ಲೋಹದ ಮೆಟ್ಟಿಲಾದರೆ ಗರಗಸದ ದಪ್ಪ ಮೆಟ್ಟಿಲ ತಂತಿಯ ಕಾಲಿಗೆ ಹೊಂದಬೇಕು. ಬಡಿದ ಮೇಲೆ ಉದ್ದನೆಯ ಸಮ ಪಟ್ಟಿಗೆ ಮರಳು ಕಾಗದ ಅಂಟಿಸಿ ತಲೆಗಳನ್ನು ಸಮ ಮಾಡಿ, ತುದಿಗಳನ್ನು ಅರದಿಂದ ಓರೆ ಮಾಡಿ. ಗಿಟಾರಿನಷ್ಟು ಸೂಕ್ಷ್ಮ ಬೇಕಿಲ್ಲ, ತಂತಿ ಎತ್ತರದಲ್ಲಿರುತ್ತದೆ.

ಕುದುರೆ ಮತ್ತು ಪಿಕಪ್

ವಾದ್ಯದ ಹಣೆಬರಹ ತೀರ್ಮಾನವಾಗುವುದು ಇಲ್ಲಿ. ರಬ್ಬರ್ ಆಗಲಿ, ತಾಮ್ರ ಸುತ್ತಿದ ನೈಲಾನ್ ಆಗಲಿ ಅಯಸ್ಕಾಂತಕ್ಕೆ ಸ್ಪಂದಿಸುವುದಿಲ್ಲ, ಹಾಗಾಗಿ ವಿದ್ಯುತ್ ಗಿಟಾರಿನ ಪಿಕಪ್ ನಿರುಪಯೋಗಿ. ಬೇಕಾದದ್ದು ಒತ್ತಡಕ್ಕೆ ಸ್ಪಂದಿಸುವ ಪೀಜೋ, ಅದರಲ್ಲೂ ಸ್ಯಾಡಲ್‌ನ ಅಡಿಯಲ್ಲಿ ಕೂರುವ ಪಟ್ಟಿ. ಹಿತ್ತಾಳೆಯ ದುಂಡು ಪೀಜೋ ಬಿಲ್ಲೆ ಅಗ್ಗ, ಅದನ್ನು ಕುದುರೆಯ ಕೆಳಗೆ ಒಳಗಿನಿಂದ ಅಂಟಿಸಬಹುದು. ಆದರೆ ಪೆಟ್ಟಿಗೆಗೆ ಕೈ ತಾಗಿದ್ದು, ಅಂಗಿಯ ಗುಂಡಿ ಉಜ್ಜಿದ್ದು ಎಲ್ಲವೂ ಆಂಪ್ಲಿಫೈಯರಿನಲ್ಲಿ ಕೇಳಿಸುತ್ತದೆ.

ಕುದುರೆ 110 ಉದ್ದ, 35 ಅಗಲ, 9 ಎತ್ತರದ ಗಟ್ಟಿ ಮರ. ಸ್ಯಾಡಲ್‌ನ ಗಾಡಿ 3 ಮಿ.ಮೀ. ಅಗಲ. ಗಾಡಿಯ ತಳ ಕನ್ನಡಿಯಂತೆ ಸಮವಿರಬೇಕು. ತಳದಲ್ಲಿ ಒಂದು ಉಬ್ಬಿದ್ದರೆ ಆ ತಂತಿ ಕಿರುಚುತ್ತದೆ, ತಗ್ಗಿದ್ದರೆ ಪಿಸುಗುಡುತ್ತದೆ. ಸ್ಯಾಡಲ್ ಗಾಡಿಯಲ್ಲಿ ಕೈಯಿಂದ ಎತ್ತಿದರೆ ಬರುವಂತಿರಲಿ, ಆದರೆ ಓಲಾಡಬಾರದು. ಗಾಡಿಯ ಒಂದು ತುದಿಯಲ್ಲಿ ಪೀಜೋ ತಂತಿಗೆ 3 ಮಿ.ಮೀ. ತೂತು.

ಕುದುರೆಯನ್ನು ಲೆಕ್ಕದ ಜಾಗಕ್ಕಿಂತ ತುಸು ಹಿಂದೆ, ಸ್ಯಾಡಲ್ ನಟ್‌ನಿಂದ 533ಕ್ಕೆ ಬರುವಂತೆ ಕೂರಿಸಿ. ತಂತಿಯನ್ನು ಮೆಟ್ಟಿಲಿಗೆ ಒತ್ತಿದಾಗ ಸ್ವರ ಕೂದಲೆಳೆ ಏರುತ್ತದೆ, ಅದಕ್ಕೆ ಈ 3 ಮಿ.ಮೀ. ಪರಿಹಾರ. ಪರೀಕ್ಷೆಯ ದಾರ ಕಟ್ಟಿ, ನೋಡಿ, ಆಮೇಲೆಯೇ ಅಂಟಿಸಿ.

ತಂತಿಯ ತೂತುಗಳು ಸ್ಯಾಡಲ್‌ನ ಹಿಂದೆ 13 ಮಿ.ಮೀ. ದೂರದಲ್ಲಿ, ಕುದುರೆ, ಮೇಲ್ಹಲಗೆ, ದಂಡಿ ಮೂರನ್ನೂ ತೂರಿ ನೇರ ಕೆಳಗೆ. ತಂತಿಗಿಂತ ಒಂದು ಮಿಲಿಮೀಟರ್ ದೊಡ್ಡ ಡ್ರಿಲ್ ಬಳಸಿ, ಮೇಲಿನ ಅಂಚನ್ನು ದುಂಡಗೆ ಉಜ್ಜಿ. ಇಷ್ಟು ಹತ್ತಿರ ಏಕೆಂದರೆ, ಎಳೆತ 2 ಕಿಲೋ ಮಾತ್ರ. ತಂತಿ ಸ್ಯಾಡಲ್ ದಾಟಿ ಕಡಿದಾಗಿ ಇಳಿದರಷ್ಟೇ ಪೀಜೋ ಮೇಲೆ ಒತ್ತಡ ಬೀಳುತ್ತದೆ. ಸ್ಯಾಡಲ್‌ನ ತಲೆ ಮೇಲ್ಹಲಗೆಯಿಂದ ಸುಮಾರು 13ರಿಂದ 14 ಮಿ.ಮೀ. ಎತ್ತರಕ್ಕೆ ಬರುತ್ತದೆ. ಸ್ವಲ್ಪ ಎತ್ತರವೇ ಇಟ್ಟು ಆಮೇಲೆ ಉಜ್ಜಿ ಇಳಿಸಿ.

ಇನ್ನು ಬಹಳ ಜನ ಎಡವುವ ಜಾಗ. ಪಿಕಪ್ ಹಾಕಿ, ನೇರ ಆಂಪ್ಲಿಫೈಯರಿಗೆ ಜೋಡಿಸಿ, ‘ಬೇಸೇ ಬರುತ್ತಿಲ್ಲ’ ಅನ್ನುತ್ತಾರೆ. ತಪ್ಪು ತಂತಿಯದಲ್ಲ. ಪೀಜೋ ಒಂದು ಚಿಕ್ಕ ಕೆಪಾಸಿಟರ್. ಮುಂದಿನ ಸಾಧನದ ಇನ್‌ಪುಟ್ ರೋಧದ ಜೊತೆ ಸೇರಿ ಅದು ತಗ್ಗಿನ ಸ್ವರಗಳನ್ನು ತಡೆಯುವ ಜರಡಿಯಾಗುತ್ತದೆ. ಪಟ್ಟಿಯ ಧಾರಕತೆ 1 ನ್ಯಾನೋಫ್ಯಾರಡ್ ಎಂದಿಟ್ಟುಕೊಳ್ಳಿ. ಗಿಟಾರ್ ಆಂಪ್ಲಿಫೈಯರಿನ 1 ಮೆಗಾಓಮ್ ಇನ್‌ಪುಟ್‌ಗೆ ಜೋಡಿಸಿದರೆ 159 ಹರ್ಟ್ಸ್‌ನಿಂದ ಕೆಳಗಿನದೆಲ್ಲ ಸೋರಿಹೋಗುತ್ತದೆ. ನಮ್ಮ ನಾಲ್ಕೂ ಖಾಲಿ ತಂತಿಗಳ ಮೂಲಸ್ವರ ಅದಕ್ಕಿಂತ ಕೆಳಗೇ ಇದೆ! ಅದೇ 10 ಮೆಗಾಓಮ್ ಇನ್‌ಪುಟ್ ಇರುವ ಪ್ರಿಆಂಪ್ (ಆಂಪ್ಲಿಫೈಯರಿಗೆ ಮುಂಚೆ ಬರುವ ಚಿಕ್ಕ ವರ್ಧಕ) ನಡುವೆ ಬಂದರೆ ಗಡಿ 16 ಹರ್ಟ್ಸ್‌ಗೆ ಇಳಿಯುತ್ತದೆ, ಇ-ತಂತಿ ಪೂರ್ತಿ ಕೇಳುತ್ತದೆ. ಹಾಗಾಗಿ ಪೀಜೋಗೆಂದೇ ಮಾಡಿದ ಪ್ರಿಆಂಪ್ ಪೆಟ್ಟಿಗೆಯೊಳಗೆ ಇರಲಿ, ಪೀಜೋದಿಂದ ಅದಕ್ಕೆ ತಂತಿ ಆದಷ್ಟು ಗಿಡ್ಡವಿರಲಿ. ಕೇಳಲು ಬೇಸ್ ಆಂಪ್ಲಿಫೈಯರ್ ಅಥವಾ ಒಳ್ಳೆಯ ಹೆಡ್‌ಫೋನ್. ಗಿಟಾರಿನ ಚಿಕ್ಕ ಸ್ಪೀಕರಿಗೆ 41 ಹರ್ಟ್ಸ್ ಹೊರುವ ಶಕ್ತಿ ಇಲ್ಲ.

ಮೆರುಗು ನಿಮ್ಮಿಷ್ಟ. ತೆಳುವಾಗಿ ಎಣ್ಣೆ ಅಥವಾ ಅರಗಿನ ಪಾಲಿಶ್ ಸಾಕು. ಕುದುರೆ ಅಂಟಿಸುವ ಜಾಗಕ್ಕೆ ಮಾತ್ರ ತಾಗಿಸಬೇಡಿ, ಅಂಟು ಹಿಡಿಯುವುದಿಲ್ಲ.

ನಟ್, ತಂತಿ ಕಟ್ಟುವುದು, ಶ್ರುತಿ

ನಟ್‌ಗೆ ಮೂಳೆ ಅಥವಾ ಗಟ್ಟಿ ಪ್ಲಾಸ್ಟಿಕ್. ಗಾಡಿಗಳನ್ನು ತಂತಿಗಿಂತ ಕಾಲು ಮಿಲಿಮೀಟರ್ ಅಗಲವಾಗಿ, ತಳ ದುಂಡಗೆ ಕೊರೆಯಿರಿ. ಆಮೇಲೆ ತಂತಿಯ ದಪ್ಪದ ಕಡ್ಡಿಗೆ ನಯವಾದ ಮರಳು ಕಾಗದ ಸುತ್ತಿ ಹೊಳೆಯುವ ತನಕ ಉಜ್ಜಿ. ಈ ಉಜ್ಜುವಿಕೆಯಲ್ಲಿ ಆತುರ ಮಾಡಿದರೆ ಮುಂದೆ ಶ್ರುತಿ ಮಾಡುವಾಗ ಬಿರಡೆ ತಿರುಗಿಸಿದರೂ ಸ್ವರ ಅಲುಗದು. ಇನ್ನೊಮ್ಮೆ ತಿರುಗಿಸಿದರೆ ಟಕ್ಕೆಂದು ಹಾರಿ ಮೇಲೆ ಹೋಗುತ್ತದೆ. ಗಾಡಿಯಲ್ಲಿ ಪೆನ್ಸಿಲ್ ಸೀಸದ ಪುಡಿ ಹಾಕಿ.

ತಂತಿಯ ಒಂದು ತುದಿಗೆ ವಾಷರ್ ಪೋಣಿಸಿ, ಎಂಟರ ಆಕಾರದ ಗಂಟು ಹಾಕಿ. ಬೆನ್ನಿನ ಕಿಂಡಿಯಿಂದ ಇನ್ನೊಂದು ತುದಿಯನ್ನು ಮೇಲಕ್ಕೆ ತೂರಿಸಿ, ಸ್ಯಾಡಲ್ ಹಾಯಿಸಿ ಬಿರಡೆಯ ತನಕ ತನ್ನಿ. ಈಗ ಮುಖ್ಯ ಹೆಜ್ಜೆ: ಕತ್ತರಿಸುವ ಮುಂಚೆ ತಂತಿಯನ್ನು ಕೈಯಿಂದ ಚೆನ್ನಾಗಿ ಜಗ್ಗಿ, ಹಾಗೆ ಜಗ್ಗಿ ಹಿಡಿದಿರುವಾಗಲೇ ಕಂಬದ ಆಚೆ ಸುಮಾರು 40 ಮಿ.ಮೀ. ಬಿಟ್ಟು ಗುರುತು ಹಾಕಿ ಕತ್ತರಿಸಿ. ಜಗ್ಗದೆ ಕತ್ತರಿಸಿದರೆ ಶ್ರುತಿಗೆ ಬರುವಷ್ಟರಲ್ಲಿ ಹಿಗ್ಗಿದ ತಂತಿಯೆಲ್ಲ ಕಂಬದ ಮೇಲೆ ಸುತ್ತಿಕೊಂಡು, ಒಂದರ ಮೇಲೊಂದು ಹತ್ತಿ, ಬಿರಡೆ ಸಿಕ್ಕಿಹಾಕಿಕೊಳ್ಳುತ್ತದೆ. ಎರಡು ಸುತ್ತು ಸಾಕು. ಮೊದಲ ತಂತಿಯನ್ನು ಉದ್ದವೇ ಬಿಡಿ. ಕತ್ತರಿಸಿದ್ದನ್ನು ಮತ್ತೆ ಜೋಡಿಸಲಾಗದು.

ಶ್ರುತಿ ಮಾಡುವಾಗ ಫೋನಿನ ಮೈಕ್ 41 ಹರ್ಟ್ಸ್ ಸ್ವರವನ್ನು ಸರಿಯಾಗಿ ಹಿಡಿಯದೆ ಏನೇನೋ ತೋರಿಸಬಹುದು. ಪಿಕಪ್‌ನಿಂದ ನೇರ ಟ್ಯೂನರಿಗೆ ಜೋಡಿಸಿ, ಇಲ್ಲವೇ ಹನ್ನೆರಡನೇ ಮೆಟ್ಟಿಲ ಮೇಲೆ ಬೆರಳು ಹಗುರ ತಾಗಿಸಿ ಮೀಟಿ. ಒಂದು ಸ್ಥಾಯಿ ಮೇಲಿನ 82.4 ಹರ್ಟ್ಸ್ ಸ್ವರವನ್ನು ಯಾವ ಫೋನೂ ಗುರುತಿಸುತ್ತದೆ. ಮೊದಲ ದಿನ ಐದು ನಿಮಿಷಕ್ಕೊಮ್ಮೆ ಇಳಿಯುತ್ತದೆ, ಹೆದರಬೇಡಿ. ಪ್ರತಿ ಸಲ ಶ್ರುತಿಗೆ ತಂದು, ತಂತಿಯನ್ನು ಹಲಗೆಯಿಂದ ಎತ್ತಿ ಮೃದುವಾಗಿ ಜಗ್ಗಿ, ಮತ್ತೆ ಶ್ರುತಿಗೆ ತನ್ನಿ. ಒಂದೆರಡು ವಾರದಲ್ಲಿ ನೆಲೆ ನಿಲ್ಲುತ್ತದೆ.

ತಂತಿಯ ಎತ್ತರ ಹನ್ನೆರಡನೇ ಮೆಟ್ಟಿಲ ಮೇಲೆ ಇ-ಗೆ 4 ಮಿ.ಮೀ., ಜಿ-ಗೆ 3. ಗಿಟಾರಿನವರಿಗೆ ಹೆಚ್ಚೆನಿಸಬಹುದು, ಆದರೆ ತಂತಿ ಇಷ್ಟು ಮೆದುವಿರುವಾಗ ಒತ್ತಲು ಶ್ರಮವೇ ಇಲ್ಲ. ಕಡಿಮೆ ಮಾಡಿದರೆ ಬಡಿಯುತ್ತದೆ. ಬೆರಳು ಅಂಟಿದಂತಾದರೆ ತಂತಿಗೆ ಟಾಲ್ಕಂ ಪುಡಿ ಸವರಿ. ಮೀಟುವುದು ಬೆರಳಿನ ಮಾಂಸಲ ಭಾಗದಿಂದ, ದಂಡಿಯ ತುದಿಯ ಹತ್ತಿರ, ಮೆಲ್ಲಗೆ. ಜೋರಾಗಿ ಎಳೆದರೆ ಸ್ವರ ಮೊದಲು ಮೇಲೇರಿ ಆಮೇಲೆ ಇಳಿಯುತ್ತದೆ. ಗೊತ್ತಿದ್ದೇ ಮಾಡಿದರೆ ಸೊಗಸು, ಗೊತ್ತಿಲ್ಲದೆ ಆದರೆ ಕಿರಿಕಿರಿ.

ಏನಾದರೂ ಸರಿ ಹೋಗದಿದ್ದರೆ

ಒಂದು ತಂತಿ ಮಾತ್ರ ಮೆತ್ತಗೆ ಕೇಳಿದರೆ ಸ್ಯಾಡಲ್ ತೆಗೆದು ಅದರ ತಳವನ್ನು ಗಾಜಿನ ಮೇಲೆ ಹಾಸಿದ ಮರಳು ಕಾಗದಕ್ಕೆ ಉಜ್ಜಿ ಸಮ ಮಾಡಿ. ಹತ್ತರಲ್ಲಿ ಎಂಟು ಸಲ ಕಾರಣ ಅದೇ. ಉಳಿದಂತೆ ಆ ತಂತಿಯ ಇಳುಕಲು ಸಾಲದೇ ಎಂದು ನೋಡಿ.

ಹನ್ನೆರಡನೇ ಮೆಟ್ಟಿಲಲ್ಲಿ ಒತ್ತಿದ ಸ್ವರ, ಅದೇ ಜಾಗದಲ್ಲಿ ಹಗುರ ತಾಗಿಸಿ ಮೀಟಿದ ಸ್ವರಕ್ಕಿಂತ ಮೇಲಿದ್ದರೆ ಸ್ಯಾಡಲ್‌ನ ತಲೆಯನ್ನು ಮುಂಭಾಗದಿಂದ ಓರೆಯಾಗಿ ಉಜ್ಜಿ ತಂತಿ ಕೂರುವ ಗೆರೆಯನ್ನು ಹಿಂದಕ್ಕೆ ಸರಿಸಿ. ಕೆಳಗಿದ್ದರೆ ಹಿಂಭಾಗದಿಂದ ಉಜ್ಜಿ ಮುಂದಕ್ಕೆ. ಹೊಸ ತಂತಿ ಇನ್ನೂ ಹಿಗ್ಗುತ್ತಿರುವಾಗ ಈ ಕೆಲಸಕ್ಕೆ ಕೈ ಹಾಕಬೇಡಿ, ಇಂದಿನ ಉತ್ತರ ನಾಳೆ ಬದಲಾಗಿರುತ್ತದೆ. ಖಾಲಿ ತಂತಿ ಮಾತ್ರ ಗರಗುಟ್ಟಿ, ಒತ್ತಿದಾಗ ಶುದ್ಧವಾಗಿದ್ದರೆ ನಟ್‌ನ ಗಾಡಿ ಆಳವಾಗಿದೆ. ಆ ನಟ್ ತೆಗೆದು ಅಡಿಗೆ ತೆಳು ಮರದ ಚೂರು ಕೊಡಿ.

ಜೋರಾಗಿ ನುಡಿಸುವಾಗ ಆಂಪ್ಲಿಫೈಯರ್ ಗುಂಯ್ಯೆಂದು ತಾನೇ ಕೂಗತೊಡಗಿದರೆ ಪಕ್ಕದ ನಾದದ ತೂತಿಗೆ ಸ್ಪಂಜು ತುರುಕಿ. ಕೇಳುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಏಕೆಂದರೆ ಅವರು ಕೇಳುತ್ತಿರುವುದು ಪೀಜೋವನ್ನು.

ತಂತಿ ಬದಲಿಸುವ ದಿನ ಬಂದಾಗ ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡಿ. ಸ್ಯಾಡಲ್ ಮತ್ತು ಅದರಡಿಯ ಪೀಜೋ ಪಟ್ಟಿ ತಂತಿಯ ಒತ್ತಡದಲ್ಲೇ ಕೂತಿರುತ್ತವೆ. ಎಲ್ಲ ಸಡಿಲವಾದರೆ ಸ್ಯಾಡಲ್ ಉದುರಿ, ಪಟ್ಟಿ ಜಾರಿ, ಸಮಮಾಡಿದ ಒತ್ತಡವನ್ನು ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ. ಒಂದು ಬಿಚ್ಚಿ, ಒಂದು ಕಟ್ಟಿ, ಶ್ರುತಿಗೆ ತಂದು, ಆಮೇಲೆ ಮುಂದಿನದಕ್ಕೆ ಹೋಗಿ.